ಮರಳುಗಾಡಿನ ಹೊನ್ನಕೋಟೆ ಜೈಸಲ್ಮೇರ್

ಜೋಧಪುರದಿಂದ ಪಶ್ಚಿಮಕ್ಕೆ ಹೊರಟ ಪ್ರವಾಸಿಗೆ ಪೋಖರಣ್ ದಾಟಿದ ಮೇಲೆ ಹಸುರೆಂಬುದು ಅಪರೂಪವಾಗುತ್ತದೆ. ಅಲ್ಲೊಂದು ಇಲ್ಲೊಂದು ಖೇಜಡಿ ಮರ—ನಮ್ಮ ಬನ್ನಿಯೇ ಅದು—ಒಂದಿಷ್ಟು ಕುರಿಗಳ ಹಿಂಡು. ಉಳಿದಂತೆ ಕಲ್ಲು, ಮರಳು, ಬಿಸಿಲು. ಸಂಜೆಯಾಗುತ್ತಿದ್ದಂತೆ ದೂರದ ಗುಡ್ಡವೊಂದರ ನೆತ್ತಿ ಹೊಂಬಣ್ಣಕ್ಕೆ ತಿರುಗುತ್ತದೆ. ಮರೀಚಿಕೆಯೆಂದು ಭ್ರಮಿಸಬೇಕಾಗಿಲ್ಲ. 99 ಕೊತ್ತಲಗಳ ಜೈಸಲ್ಮೇರ್ ಕೋಟೆಯೇ ಅದು.

ಭಾಟಿ ರಜಪೂತರ ರಾವಲ್ ಜೈಸಲನು ತನ್ನ ಕುಲದ ಹಳೆಯ ರಾಜಧಾನಿ ಲೋದ್ರವವನ್ನು ತೊರೆದು, 1156ರಲ್ಲಿ ಈ ತ್ರಿಕೂಟ ಗುಡ್ಡದ ಮೇಲೆ ಕೋಟೆಗೆ ಅಸ್ತಿಭಾರ ಹಾಕಿದನೆಂದು ಪ್ರತೀತಿ. ಬೆಳೆಯಿಲ್ಲದ, ಹೊಳೆಯಿಲ್ಲದ ಈ ನೆಲದಲ್ಲಿ ರಾಜ್ಯವೊಂದು ಬಾಳಿದ್ದಾದರೂ ಹೇಗೆ? ಸಿಂಧ್ ಮತ್ತು ಅದರಾಚೆಯ ದೇಶಗಳಿಗೆ ಹೋಗುವ ಒಂಟೆಗಳ ಸಾರ್ಥಗಳು ಈ ದಾರಿಯನ್ನೇ ಹಿಡಿಯುತ್ತಿದ್ದವು. ಅವು ತೆತ್ತ ಸುಂಕವೇ ಊರಿನ ಫಸಲು.

ಆ ಸಂಪತ್ತು ಇಂದಿಗೂ ಹಳದಿಗಲ್ಲಿನ ಹವೇಲಿಗಳಲ್ಲಿ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪಟ್ವಾ ಮನೆತನದ ವರ್ತಕರು ಸಾಲಾಗಿ ಐದು ಹವೇಲಿಗಳನ್ನು ಕಟ್ಟಿಸಿದರು. ಅವುಗಳ ಜಾಲಂಧ್ರಗಳ ಕೆತ್ತನೆ ಎಷ್ಟು ನವುರೆಂದರೆ, ಕಲ್ಲೋ ಕಸೂತಿಯೋ ಎಂದು ಸಂದೇಹವಾಗುತ್ತದೆ. ನಥಮಲ್ ಹವೇಲಿಯ ಕಥೆ ಇನ್ನೂ ಸೊಗಸಾದುದು. ಹಾಥಿ, ಲಾಲು ಎಂಬ ಇಬ್ಬರು ಸೋದರ ಶಿಲ್ಪಿಗಳು ಎಡ ಬಲ ಭಾಗಗಳನ್ನು ಹಂಚಿಕೊಂಡು ಕೆತ್ತಿದರಂತೆ. ಒಮ್ಮೆಲೇ ನೋಡಿದರೆ ಎರಡೂ ಒಂದೇ. ನಿಂತು ನೋಡಿದರೆ ಒಂದರಂತೆ ಇನ್ನೊಂದಿಲ್ಲ. ಅಣ್ಣತಮ್ಮಂದಿರಲ್ಲವೇ!

ಕೋಟೆಯೊಳಗಿನ ಜೈನ ಬಸದಿಗಳ ಗುಂಪಿನಲ್ಲಿ ಒಂದು ಗ್ರಂಥಭಂಡಾರವುಂಟು. ಸಾವಿರ ವರ್ಷಗಳಷ್ಟು ಹಳೆಯ ತಾಳೆಯೋಲೆಗಳು ಅಲ್ಲಿ ಉಳಿದುಬಂದಿವೆ. ಕನ್ನಡ ನಾಡಿನಲ್ಲಿ ಓಲೆಯ ಮೇಲೆ ಸಾಮಾನ್ಯವಾಗಿ ಕಂಠದಿಂದ ಕೊರೆಯುತ್ತಿದ್ದರು. ಇಲ್ಲಿನವು ಮಸಿಯಿಂದ ಬರೆದವು. ತೇವವಿಲ್ಲದ ಗಾಳಿಯೇ ಅವುಗಳ ಮೊದಲ ರಕ್ಷಕ.

ಒಣ ಹವೆಯ ಈ ಊರಿನಲ್ಲಿ ನೀರಿಗಿದ್ದ ಬೆಲೆ ಹೊನ್ನಿಗೂ ಇರಲಿಲ್ಲ. ಮಳೆ ವರ್ಷಕ್ಕೆ ಸುಮಾರು 200 ಮಿಲಿಮೀಟರು ಮಾತ್ರ. ಹದಿನಾಲ್ಕನೆಯ ಶತಮಾನದ ಗಡಸೀಸರ ಕೆರೆಯೇ ಊರಿಗೆಲ್ಲ ಆಧಾರವಾಗಿತ್ತು. ಹೆಂಗಸರು ಅಲ್ಲಿಂದ ಕೊಡ ಹೊತ್ತು ತರುತ್ತಿದ್ದರು. ಹಾಗೆ ತಂದ ನೀರನ್ನು ಚೆಲ್ಲುವ ಧೈರ್ಯ ಯಾವ ಮನೆಗೂ ಇರಲಿಲ್ಲ.

ಮುಂಬಯಿಯ ಬಂದರು ಬೆಳೆದಂತೆ ಸಾರ್ಥಗಳು ವಿರಳವಾದವು. 1947ರಲ್ಲಿ ದೇಶ ವಿಭಜನೆಯಾಗಿ ಗಡಿ ಬಿದ್ದ ಮೇಲೆ ಹಳೆಯ ದಾರಿಯೇ ಮುಚ್ಚಿಹೋಯಿತು. 1960ರ ದಶಕದ ಕೊನೆಗೆ ರೈಲು ಬಂದಿತು. 1974ರಲ್ಲಿ ಸತ್ಯಜಿತ್ ರಾಯ್ ಅವರು ‘ಸೋನಾರ್ ಕೆಲ್ಲಾ’ ಚಿತ್ರದಲ್ಲಿ ಈ ಕೋಟೆಯನ್ನು ತೋರಿಸಿದ ಬಳಿಕ ಬಂಗಾಳದ ಮನೆಮನೆಯ ಮಕ್ಕಳಿಗೂ ಇದು ಪರಿಚಿತವಾಯಿತು. ಪ್ರವಾಸಿಗಳು ಬಂದರು, ಅವರ ಹಿಂದೆಯೇ ವಸತಿಗೃಹಗಳು, ನಲ್ಲಿಗಳು, ಸ್ನಾನದ ಮನೆಗಳು ಬಂದವು.

ವಿಪರ್ಯಾಸ ಇರುವುದು ಇಲ್ಲಿಯೇ. ಕೋಟೆಯ ಗೋಡೆಗಳು ಬಹುಮಟ್ಟಿಗೆ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದವು. ಅಡಿಯ ಗುಡ್ಡವೋ ಮೆದುವಾದ ಕಲ್ಲು ಮತ್ತು ಜೇಡಿಯ ಪದರಗಳದು. ಕೊಳವೆ, ಚರಂಡಿಗಳಿಂದ ಜಿನುಗಿದ ನೀರು ಆ ಜೇಡಿಯನ್ನು ಸೇರಿ ಬುನಾದಿಯನ್ನು ಸಡಿಲಿಸಿತು. 1990ರ ದಶಕದಲ್ಲಿ ಕೆಲವು ಕೊತ್ತಲಗಳು ಕುಸಿದುಬಿದ್ದವು. ಅಪಾಯದಲ್ಲಿರುವ ಸ್ಮಾರಕಗಳ ಜಾಗತಿಕ ಪಟ್ಟಿಯಲ್ಲಿ 1996ರಲ್ಲಿಯೇ ಇದರ ಹೆಸರು ಸೇರಿತ್ತು. 2013ರಲ್ಲಿ ಯುನೆಸ್ಕೋ ರಾಜಸ್ಥಾನದ ಇತರ ಐದು ಗಿರಿದುರ್ಗಗಳೊಡನೆ ಇದನ್ನೂ ವಿಶ್ವಪರಂಪರೆಗೆ ಸೇರಿಸಿತು. ಆದರೂ 2024ರ ಆಗಸ್ಟಿನ ಮಳೆಗೆ ಗೋಡೆಯ ಒಂದು ಭಾಗ ಜರಿಯಿತು. ಮುತ್ತಿಗೆಗಳನ್ನು ಕಂಡ ಕೋಟೆಗೆ ಈಗ ನೀರೇ ಶತ್ರುವಾಗಿದೆ.

ಹಾಗೆಂದು ಇದು ಪಾಳುಬಿದ್ದ ದುರ್ಗವಲ್ಲ. ಸಾವಿರಾರು ಜನ ಇದರೊಳಗೆ ಸಂಸಾರ ನಡೆಸುತ್ತಿದ್ದಾರೆ. ಓಣಿಗಳಲ್ಲಿ ಹಸುಗಳು ಮಲಗುತ್ತವೆ, ಜಗುಲಿಗಳಲ್ಲಿ ಹರಟೆ ನಡೆಯುತ್ತದೆ. ಅವರನ್ನು ಎಬ್ಬಿಸಿ ಕಳುಹಿಸಿದರೆ ಉಳಿಯುವುದು ಬರಿಯ ಕಲ್ಲು.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರವಾಸಕ್ಕೆ ಹಿತಕರ. ಸುಮಾರು 40 ಕಿಲೋಮೀಟರು ದೂರದ ಸಮ್ ಎಂಬಲ್ಲಿನ ಮರಳುದಿಬ್ಬಗಳಿಗೆ ಒಂದು ಸಂಜೆ ಸಾಕು. ಮಕ್ಕಳಿಗಂತೂ ಅಲ್ಲಿಯ ಒಂಟೆಸವಾರಿ ಹಬ್ಬ. ಬಿಡಾರವನ್ನು ಮಾತ್ರ ಕೋಟೆಯ ಮೇಲೆ ಮಾಡದೆ ಕೆಳಗಿನ ಪೇಟೆಯಲ್ಲಿ ಹೂಡುವುದು ಲೇಸು. ಗುಡ್ಡಕ್ಕೆ ಅಷ್ಟು ನೀರಿನ ಹೊರೆ ತಪ್ಪುತ್ತದೆ. ಮೇಲಾಗಿ, ಸೂರ್ಯಾಸ್ತದಲ್ಲಿ ಹೊನ್ನಾಗುವ ಕೋಟೆಯನ್ನು ಕಾಣಬೇಕಾದರೆ ಅದರ ಹೊರಗೇ ಇರಬೇಕು.