ಮುಖ ಒಂದೇ, ಮನೆತನ ಬೇರೆ

ಫ್ರಾನ್ಸ್ ದೇಶದ ಉತ್ತರಕ್ಕೆ ನಾರ್ಮಂಡಿ ಎಂಬ ಪ್ರಾಂತವುಂಟು. ಅಲ್ಲಿಯ ಬಯೂ ಪಟ್ಟಣದ ಪುರಾತನ ಕಸೂತಿ ಪಟವನ್ನು ಕಾಣಬೇಕೆಂಬ ನನ್ನ ಬಹುದಿನದ ಬಯಕೆ 2018ರಲ್ಲಿ ತಮ್ಮನ ಮಗನ ಕುಟುಂಬದೊಡನೆ ಕೈಗೂಡಿತು. ಸುಮಾರು 70 ಮೀಟರು ಉದ್ದದ ಬಟ್ಟೆಯ ಮೇಲೆ ಉಣ್ಣೆಯ ದಾರದಿಂದ ಹೆಣೆದ ಕಥೆಯದು. ನಾರ್ಮಂಡಿಯ ದೊರೆ ವಿಲಿಯಂ 1066ರಲ್ಲಿ ಕಡಲು ದಾಟಿ, ಹೇಸ್ಟಿಂಗ್ಸ್ ಕದನದಲ್ಲಿ ಇಂಗ್ಲೆಂಡಿನ ಅರಸನನ್ನು ಗೆದ್ದ ವೃತ್ತಾಂತವೇ ಅದರ ವಸ್ತು.

ಆ ಗೆಲುವಿನ ತರುವಾಯ ಇಂಗ್ಲೆಂಡಿನ ಅರಮನೆಯಲ್ಲಿಯೂ ನ್ಯಾಯಸ್ಥಾನದಲ್ಲಿಯೂ ಫ್ರೆಂಚ್ ನುಡಿ ನೆಲೆಸಿತು. ನ್ಯಾಯವಾದವು ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಶಾಸನ ಬಂದುದು 1362ರಲ್ಲಿ. ಅಷ್ಟರೊಳಗೆ ಬಹುಸಂಖ್ಯೆಯ ಫ್ರೆಂಚ್ ಪದಗಳು ಇಂಗ್ಲಿಷಿನವೇ ಆಗಿದ್ದವು. ಆದುದರಿಂದಲೇ ಇಂಗ್ಲಿಷ್ ಬಲ್ಲವರಿಗೆ ಫ್ರಾನ್ಸಿನ ಬೀದಿಯ ಫಲಕಗಳು ಪರಿಚಿತವೆನಿಸುತ್ತವೆ.

ಆ ಪರಿಚಯವನ್ನು ನಂಬಿಯೇ ನಾವು ಎಡವುವುದರಲ್ಲಿದ್ದೆವು. ಮಧ್ಯಾಹ್ನ ಮಕ್ಕಳು ಹಸಿದಿರಲು, ಅಂಗಡಿಯೊಂದರಲ್ಲಿ ತಿನಿಸಿನ ಪೊಟ್ಟಣ ಕೊಂಡೆವು. ಅದರ ಮೇಲೆ ಇಂಗ್ಲಿಷಿನ 'ಚೇರ್' ಪದದ ಅಕ್ಷರಗಳೇ ಇದ್ದವು. ತಿನಿಸಿನೊಳಗೆ ಕುರ್ಚಿಯೇ ಎಂದು ಮಕ್ಕಳು ನಕ್ಕರು. ನನಗೇಕೋ ಅನುಮಾನವಾಗಿ ಅಂಗಡಿಯ ತಾಯಿಯನ್ನು ಕೇಳಿದೆನು. ಆಕೆ ಮೊಳಕೈಗಳೆರಡನ್ನೂ ಕೋಳಿಯ ರೆಕ್ಕೆಯಂತೆ ಬಡಿದು ತೋರಿಸಿದರು! ಫ್ರೆಂಚಿನಲ್ಲಿ ಆ ಪದದ ಉಚ್ಚಾರ 'ಶೇರ್', ಅರ್ಥ ಮಾಂಸ. ಸದ್ಯ, ತುತ್ತು ಇನ್ನೂ ಬಾಯಿಗೆ ಹೋಗಿರಲಿಲ್ಲ.

ಆ ತಾಯಿ ಬೇಸರಿಸದೆ ಪೊಟ್ಟಣವನ್ನು ಹಿಂದಕ್ಕೆ ತೆಗೆದುಕೊಂಡು ಬ್ರೆಡ್ಡು ಕೊಟ್ಟರು. ಅಲ್ಲಿ ಬ್ರೆಡ್ಡಿನ ಹೆಸರನ್ನು ಬರೆಯುವುದು ಇಂಗ್ಲಿಷಿನಲ್ಲಿ ನೋವೆಂಬರ್ಥದ 'ಪೇನ್' ಪದದಂತೆಯೇ! ಒಣದ್ರಾಕ್ಷಿ ಬೇಕೆಂದು 'ರೇಸಿನ್' ಎಂದು ಬರೆದು ತೋರಿಸಿದರೆ ಹಸಿ ದ್ರಾಕ್ಷಿಯ ಗೊಂಚಲು ಬಂದಿತು.

ರಾತ್ರಿ ನಿಘಂಟು ತೆರೆದೆನು. ದ್ರಾಕ್ಷಿಯ ಪದ ಎರಡು ನುಡಿಗಳಲ್ಲಿಯೂ ಒಂದೇ ಲ್ಯಾಟಿನ್ ಬೇರಿನ ಕುಡಿ. ಆದರೆ ನೋವಿನ ಮೂಲ ದಂಡನೆ ಎಂಬರ್ಥದ 'ಪೊಯೆನಾ', ಬ್ರೆಡ್ಡಿನದು 'ಪಾನಿಸ್'. ಕುರ್ಚಿಗೂ ಮಾಂಸಕ್ಕೂ ಹಾಗೆಯೇ ನಂಟಿಲ್ಲ. ಮುಖ ಒಂದೇ, ಮನೆತನ ಬೇರೆ. ಇನ್ನು ಒಂದೇ ಮನೆತನದ ಪದಗಳೂ ಬೇರೆ ಊರಿನಲ್ಲಿ ನೆಲೆಸಿದಾಗ ನಡೆ ಬದಲಿಸುತ್ತವೆ. ನಮ್ಮ 'ಉಪನ್ಯಾಸ' ಹಿಂದಿಯಲ್ಲಿ ಕಾದಂಬರಿಯಾಗಿಲ್ಲವೆ?

ಮಠದಲ್ಲಿ ಓದಿ, ಆಯುಷ್ಯವೆಲ್ಲ ಶಬ್ದಗಳನ್ನೇ ನೆಚ್ಚಿದ ನನಗೆ ಆ ದಿನ ಅಂಗಡಿಯ ತಾಯಿಯೇ ಗುರುವಾದರು. ಪರದೇಶಕ್ಕೆ ಹೊರಡುವ ನಮ್ಮ ಮಕ್ಕಳು ಅರಿಯದ ಪದವನ್ನು ಹೇಗೂ ಕೇಳಿಯೇ ಕೇಳುತ್ತಾರೆ. ಅರಿತೆವೆನಿಸಿದ ಪದವನ್ನೂ ಒಮ್ಮೆ ಕೇಳಲಿ.