‘ಎಲ್ಲೆಡೆ’ ಎಂಬ ಮಾತಿಗೆ ಎಲ್ಲೆಯೆಷ್ಟು?

ಇಂಗ್ಲೀಷು ಕಲಿಯುವ ಹುಡುಗರಿಗೆ ಕ್ರಿಯಾವಿಶೇಷಣಗಳನ್ನು ಹೇಳಿಕೊಡುವಾಗ ಕಾಲವನ್ನೂ ರೀತಿಯನ್ನೂ ತಿಳಿಸುವ ಮಾತುಗಳು ಅಷ್ಟಾಗಿ ತೊಡಕು ಕೊಡುವುದಿಲ್ಲ. ನಾಳೆ, ಬೇಗನೆ, ಮೆಲ್ಲಗೆ ಎಂಬುವಕ್ಕೆ ಸಮನಾದವು ಎರಡು ಭಾಷೆಗಳಲ್ಲಿಯೂ ಉಂಟು. ತೊಡಕೆಲ್ಲವೂ ಹರವನ್ನು ಹೇಳುವ ಮಾತುಗಳಲ್ಲಿ. ವೈಡ್ಲಿ, ಥ್ರೂಔಟ್, ಯೂನಿವರ್ಸಲಿ, ಬ್ರಾಡ್ಲಿ ಎಂಬ ನಾಲ್ಕನ್ನು ತೆಗೆದುಕೊಳ್ಳೋಣ. ಈಗಿನ ಬರೆಹದಲ್ಲಿ ಈ ನಾಲ್ವರಿಗೂ ‘ವ್ಯಾಪಕವಾಗಿ’ ಎಂಬ ಒಂದೇ ಅಂಗಿಯನ್ನು ತೊಡಿಸಿ ಕಳುಹಿಸುವುದನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಅಂಗಿಯು ಒಬ್ಬನಿಗೂ ಸರಿಯಾಗಿ ಒಪ್ಪುವುದಿಲ್ಲ.

ವೈಡ್ಲಿ ಎಂದರೆ ಬಹಳ ಕಡೆಗಳಲ್ಲಿ, ಬಹಳ ಜನರಲ್ಲಿ ಎಂದರ್ಥ, ನಡುವೆ ತೆರಪುಗಳಿರಬಹುದು. ಒಂದು ಗ್ರಂಥವನ್ನು ಜನರು ‘ವೈಡ್ಲಿ’ ಓದುತ್ತಾರೆಂದರೆ ಮನೆಗೊಂದು ಪ್ರತಿಯಿದೆಯೆಂದು ಯಾರೂ ತಿಳಿಯುವುದಿಲ್ಲ. ಥ್ರೂಔಟ್ ಎಂಬಲ್ಲಿ ತೆರಪಿಲ್ಲ. ಅದು ನಮ್ಮ ‘ಆದ್ಯಂತ’. ಯೂನಿವರ್ಸಲಿ ಎಂಬುದು ಒಂದು ಅಪವಾದವನ್ನೂ ಸಹಿಸದು, ಅದು ‘ಸರ್ವತ್ರ’. ಬ್ರಾಡ್ಲಿಯೋ, ಬಹುಮಟ್ಟಿಗೆ ಸ್ಥಳದ ಮಾತೇ ಅಲ್ಲ. ಸಣ್ಣ ವಿವರಗಳನ್ನು ಬಿಟ್ಟು ಸ್ಥೂಲವಾಗಿ ಹೇಳುವುದು. ಇನ್ನು ವೈದ್ಯನು ಬಾಯಿ ತೆರೆಯೆಂದಾಗ ಬಾಲವಿಲ್ಲದ ‘ವೈಡ್’ ಎಂಬುದೇ ರೂಢಿ. ಅಲ್ಲಿ ‘ವೈಡ್ಲಿ’ ಎಂದರೆ ಆಂಗ್ಲನು ನಕ್ಕಾನು.

‘ವ್ಯಾಪಕ’ವೆಂಬ ಪದದ ಮೇಲೆ ನಮಗೆ ತುಸು ಮಮತೆಯುಂಟು, ಆದುದರಿಂದಲೇ ದೂರೂ ಉಂಟು. ‘ವಿ’ ಮತ್ತು ‘ಆ’ ಅಲ್ಲ, ‘ವಿ’ ಮತ್ತು ‘ಆಪ್’ ಸೇರಿ ಆದ ಮಾತು ಅದು. ತರ್ಕಶಾಸ್ತ್ರದಲ್ಲಿ ವ್ಯಾಪ್ತಿಯೆಂದರೆ ತಪ್ಪದ ಸಂಬಂಧ. ಹೊಗೆಯಿದ್ದ ಕಡೆ ಬೆಂಕಿ ಇದ್ದೇ ಇರಬೇಕು; ಆದುದರಿಂದ ಬೆಂಕಿಯು ವ್ಯಾಪಕ, ಹೊಗೆಯು ವ್ಯಾಪ್ಯ. ಬೆಂಕಿಯಿಲ್ಲದೆ ಹೊಗೆಯೆದ್ದ ಒಂದೇ ಒಂದು ಸ್ಥಳವನ್ನು ತೋರಿಸಿದರೆ ಸಾಕು, ವ್ಯಾಪ್ತಿಯು ಮುರಿದುಬಿತ್ತು. ಹಾಗೆಯೇ ಹಸುವೆಂದರೆ ಕೊಂಬುಳ್ಳದ್ದೆಂದರೆ ಎಮ್ಮೆಯೂ ಒಳಗೆ ಬಂದು ಅತಿವ್ಯಾಪ್ತಿಯಾಯಿತು. ಕಪಿಲವರ್ಣದ್ದೆಂದರೆ ಬಿಳಿಯ ಹಸುವು ಹೊರಗುಳಿದು ಅವ್ಯಾಪ್ತಿಯಾಯಿತು. ಇಷ್ಟು ಬಿಗಿಯಾದ ಪದವನ್ನು ತೆರಪುಳ್ಳ ‘ವೈಡ್ಲಿ’ಗೆ ಕಟ್ಟಿದರೆ ಓದುವವನು ಬರೆದವನ ಮನಸ್ಸಿನಲ್ಲಿದ್ದುದಕ್ಕಿಂತ ಹೆಚ್ಚನ್ನು ನಂಬುತ್ತಾನೆ.

ಇದು ಬರಿಯ ವ್ಯಾಕರಣದ ಹಟವೆಂದು ವಾಚಕರು ತಿಳಿಯಬಾರದು. ಹೊಸಹಳ್ಳಿ, ಕೂಡ್ಲಿಗಿ, ಕೊಟ್ಟೂರು ಕಡೆಯ ಮಳೆಯಾಶ್ರಯದ ಹೊಲಗಳಲ್ಲಿ ಶೇಂಗಾ, ಜೋಳಗಳ ಬಿತ್ತನೆಯ ಹೊತ್ತಿಗೆ ಈ ಪದವು ಹಣದ ಮಾತಾಗುತ್ತದೆ. ಭಾರತ ಹವಾಮಾನ ಇಲಾಖೆಯು (ಸ್ಥಾಪನೆ 1875) ಮಳೆಯ ಹರವಿಗೆ ಇಂಗ್ಲೀಷಿನಲ್ಲಿ ನಾಲ್ಕು ಮೆಟ್ಟಿಲುಗಳನ್ನಿಟ್ಟಿದೆ. ನೂರಕ್ಕೆ 25ರವರೆಗಿನ ಮಾಪನ ಕೇಂದ್ರಗಳಲ್ಲಿ ಮಳೆಯಾದರೆ ‘ಐಸೊಲೇಟೆಡ್’. 26ರಿಂದ 50ರವರೆಗೆ ‘ಸ್ಕ್ಯಾಟರ್ಡ್’. 51ರಿಂದ 75ರವರೆಗೆ ‘ಫೇರ್ಲಿ ವೈಡ್‌ಸ್ಪ್ರೆಡ್’. ಅದರ ಮೇಲೆ ‘ವೈಡ್‌ಸ್ಪ್ರೆಡ್’. ಕೇಂದ್ರವೊಂದು ಲೆಕ್ಕಕ್ಕೆ ಬರಲು 2.5 ಮಿಲಿಮೀಟರು ಮಳೆ ಸಾಕು. ಅಂದಮೇಲೆ ಅತ್ಯುಚ್ಚವಾದ ಮೆಟ್ಟಿಲಿನಲ್ಲಿಯೂ ನೂರಕ್ಕೆ ಇಪ್ಪತ್ತು ಕೇಂದ್ರಗಳು ಒಣಗಿರಬಹುದು. ನೆನೆದ ಕೇಂದ್ರಗಳಲ್ಲಿಯೂ ಧೂಳು ಅಡಗುವಷ್ಟೇ ಬಿದ್ದಿರಬಹುದು. ಹರವು ಬೇರೆ, ಪ್ರಮಾಣ ಬೇರೆ. ಪ್ರಮಾಣಕ್ಕೆ ಇಲಾಖೆಯು ಬೇರೆ ಪದಗಳನ್ನೇ ಇಟ್ಟಿದೆ. ಇಂಗ್ಲೀಷಿನಲ್ಲಿ ಇಷ್ಟು ಅಳೆದಿಟ್ಟ ಮಾತು ಕನ್ನಡಕ್ಕೆ ಬರುವಾಗ ‘ಎಲ್ಲೆಡೆ ವ್ಯಾಪಕ ಮಳೆ’ಯಾಗಿ ಉಬ್ಬಿಬಿಡುತ್ತದೆ.

ನಮ್ಮ ನೆರೆಯ ರೈತರೊಬ್ಬರು ಒಮ್ಮೆ ಪತ್ರಿಕೆಯನ್ನು ಹಿಡಿದು ಬಂದು, “ಮೇಷ್ಟ್ರೇ, ಎಲ್ಲಾ ಕಡೆ ಮಳೆ ಅಂತ ಬರ್ದವ್ರೆ. ನಮ್ಮ ಹೊಲ ಆ ಎಲ್ಲಾ ಕಡೆಯೊಳಗೆ ಇಲ್ಲೇನ್ರಿ?” ಎಂದರು. ತಾರ್ಕಿಕನಾದರೂ ಅವ್ಯಾಪ್ತಿಯನ್ನು ಇದಕ್ಕಿಂತ ಚೆನ್ನಾಗಿ ತೋರಿಸಲಾರನು.

ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ‘ಅಲ್ಲಲ್ಲಿ’ ಎಂದರೆ ತೆರಪುಗಳೊಡನೆ ಹರಡಿದ್ದು. ‘ಸ್ಕ್ಯಾಟರ್ಡ್’ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಮಾತು ಬೇಕಿಲ್ಲ. ‘ಒಂದೆರಡು ಕಡೆ’, ‘ಹಲವೆಡೆ’, ‘ಬಹುತೇಕ ಕಡೆಗಳಲ್ಲಿ’ ಎಂಬುವು ಉಳಿದ ಮೆಟ್ಟಿಲುಗಳಿಗೆ ಸಾಲುತ್ತವೆ. ಒಂದನ್ನೂ ಬಿಡದೆ ಹೇಳಬೇಕಾದಾಗ ನಾವು ಪದವನ್ನೇ ಎರಡು ಸಲ ಆಡುತ್ತೇವೆ: ಊರೂರಿಗೂ, ಮನೆಮನೆಗೂ, ಹೊಲಹೊಲಕ್ಕೂ. ಸಂಸ್ಕೃತದಲ್ಲಿಯೂ ಇಂಥ ದ್ವಿರುಕ್ತಿಯುಂಟು. ಪಾಣಿನಿಯು ಎಂಟನೆಯ ಅಧ್ಯಾಯದ ಮೊದಲಿನಲ್ಲಿಯೇ ಅದನ್ನು ವಿಧಿಸುತ್ತಾನೆ. ಅದರ ಅರ್ಥಕ್ಕೆ ‘ವೀಪ್ಸೆ’ಯೆಂದು ಹೆಸರು. ವೀಪ್ಸೆಯೆಂದರೆ ಒಂದೊಂದನ್ನೂ ವ್ಯಾಪಿಸುವ ಇಚ್ಛೆ. ‘ವ್ಯಾಪಕ’ ಹುಟ್ಟಿದ ಧಾತುವಿನಿಂದಲೇ ಇದೂ ಹುಟ್ಟಿದ್ದು. ಆದರೆ ಊರೂರಿಗೂ ಎಂದು ಬರೆಯಬೇಕಾದರೆ ಬರೆಯುವವನು ಊರುಗಳನ್ನು ಎಣಿಸಿರಬೇಕು. ‘ವ್ಯಾಪಕವಾಗಿ’ ಎಂಬುದು ಯಾವ ಎಣಿಕೆಯನ್ನೂ ಕೇಳುವುದಿಲ್ಲ. ಅವಸರದ ಲೇಖನಿಗೆ ಅದು ಪ್ರಿಯವಾದುದು ಇದರಿಂದಲೇ ಇರಬೇಕು.

ಆ ರೈತರು ಈಗಲೂ ಪತ್ರಿಕೆಯನ್ನು ಓದುತ್ತಾರೆ. ಓದಿ ಮಡಿಸಿಟ್ಟು, ಗುದ್ದಲಿಯನ್ನು ಹೆಗಲ ಮೇಲಿಟ್ಟು ಹೊಲಕ್ಕೆ ಹೋಗಿ, ನಾಲ್ಕು ಮೂಲೆಗಳಲ್ಲಿಯೂ ಅಗೆದು, ಹಸಿ ಎಷ್ಟು ಆಳಕ್ಕೆ ಇಳಿದಿದೆಯೆಂದು ಗೇಣಿನಿಂದ ಅಳೆದು ನೋಡುತ್ತಾರೆ. ಆಮೇಲೆಯೇ ಬೀಜದ ಚೀಲದ ಬಾಯಿ ಬಿಚ್ಚುವುದು.