ಕಂಪ್ಯೂಟರಿಗೂ ಝಳ ಬಡಿಯುತ್ತದೆ!

ಕುಕ್ಕರ್ ಸೀಟಿ ಹೊಡೆಯದಿದ್ದರೆ ನಾವು ಯಾರನ್ನಾದರೂ ಕರೆಯುತ್ತೇವೆಯೇ ಹೇಳಿ. ರಬ್ಬರ್ ಸಡಿಲಾಗಿದೆಯೋ, ಸೀಟಿಯ ತೂತಿನಲ್ಲಿ ಬೇಳೆ ಸಿಕ್ಕಿಕೊಂಡಿದೆಯೋ, ನೀರೇ ಕಡಿಮೆಯಾಯಿತೋ ಎಂದು ಒಂದೊಂದಾಗಿ ನೋಡಿ ನಾವೇ ಸರಿಮಾಡಿಕೊಳ್ಳುತ್ತೇವೆ. ಮಸಾಲೆ ರುಬ್ಬುವಾಗ ಮಿಕ್ಸರ್ ಕಾಯ್ದು ನಿಂತರೆ ತಳದಲ್ಲಿರುವ ಕೆಂಪು ಗುಂಡಿ ಒತ್ತಬೇಕೆಂಬುದು ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಆದರೆ ಅದೇ ಮನೆಯ ಪಡಸಾಲೆಯಲ್ಲಿ ಕಂಪ್ಯೂಟರ್ ನಿಂತುಹೋಯಿತೆನ್ನಿ, ದೂರ ಸರಿದು ನಿಂತುಬಿಡುತ್ತೇವೆ. "ಅದು ನಮಗ ತಿಳಿಯೂದಲ್ಲ ಬಿಡವಾ" ಎಂದು ಹಿರಿಯರೂ ಅನ್ನುತ್ತಾರೆ, ನಾವೂ ಅನ್ನುತ್ತೇವೆ. ಇನ್ನೊಮ್ಮೆ ಹಾಗೆ ಅನ್ನುವ ಮೊದಲು, ಸೋದರಿಯರೇ, ನನ್ನ ಈ ನಾಲ್ಕು ಮಾತು ಓದಿ.

ನಮ್ಮದು ಬ್ಯಾಡಗಿ. ಹೆಸರು ಕೇಳಿದೊಡನೆ ನಿಮಗೆ ಸಾರಿನ ಕೆಂಪು ಬಣ್ಣ ನೆನಪಾಗಿರಬೇಕು. ಬಣ್ಣ ಹೆಚ್ಚು, ಖಾರ ಕಡಿಮೆ ಎಂಬುದೇ ಈ ಮೆಣಸಿನಕಾಯಿಯ ದೊಡ್ಡಸ್ತಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸೋಮವಾರ, ಗುರುವಾರ ಪೇಟೆಯಾದರೆ ಊರಿಗೆ ಊರೇ ಕೆಂಪು. ಮದುವೆಗೆ ಮುಂಚೆ ಬಿ.ಕಾಂ. ಮುಗಿಸಿದ್ದು ದಂಡವಾಗಬಾರದೆಂದು ನಾನು ಮೂರು ದಲಾಲಿ ಅಂಗಡಿಗಳ ಲೆಕ್ಕವನ್ನು ಮನೆಯಲ್ಲೇ ಕುಳಿತು ಕಂಪ್ಯೂಟರಿನಲ್ಲಿ ಬರೆಯುತ್ತೇನೆ. ರೈತರ ಪಟ್ಟಿ, ಹಮಾಲಿ, ಕಮಿಷನ್, ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್, ಎಲ್ಲ ನನ್ನ ಪಾಲಿನದು. ಧಾರವಾಡದಲ್ಲಿ ಓದುವ ಮಗಳ ಹಾಸ್ಟೆಲ್ ಖರ್ಚು ಈ ದುಡಿಮೆಯಿಂದಲೇ ಹೋಗುತ್ತದೆ.

ಕಳೆದ ವರ್ಷ ಮಾರ್ಚ್ ತಿಂಗಳಲ್ಲಿ, ಪೇಟೆ ಭರಪೂರ ಇದ್ದ ಹೊತ್ತಿನಲ್ಲೇ ನಮ್ಮ ಕಂಪ್ಯೂಟರ್ ಹಟ ಹಿಡಿಯಿತು. ಬರೆಯುತ್ತ ಬರೆಯುತ್ತ ಇದ್ದಕ್ಕಿದ್ದಂತೆ ಟಪ್ ಎಂದು ಆರಿಹೋಗುವುದು. ಹಾವೇರಿ ನಮ್ಮ ಜಿಲ್ಲೆಯ ಊರು. ಕಚೇರಿ ಕೆಲಸವಿರಲಿ, ರಿಪೇರಿಯಿರಲಿ, ನಾವು ಓಡುವುದು ಅಲ್ಲಿಗೇ. ಯಜಮಾನರು ಬಸ್ಸಿನಲ್ಲಿ ಹೊತ್ತುಕೊಂಡು ಹೋಗಿ ಅಂಗಡಿಯೊಂದಕ್ಕೆ ಕೊಟ್ಟರು. ವೈರಸ್ ಬಂದಿದೆ ಎಂದು ಅಲ್ಲಿಯ ಹುಡುಗ ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿಕೊಟ್ಟ. ಅಂಗಡಿಯಲ್ಲಿ ಎರಡು ತಾಸು ಓಡಿಸಿಯೂ ತೋರಿಸಿದ. ಮನೆಗೆ ತಂದ ಎರಡನೆಯ ದಿನ ಮಧ್ಯಾಹ್ನ ಮತ್ತೆ ಟಪ್! ಫೋನ್ ಮಾಡಿದರೆ, "ಅಕ್ಕಾರ, ಹಂಗಾರ ಮದರ್ ಬೋರ್ಡ್ ಹೋಗೇತ್ರಿ. ಪ್ರೊಸೆಸರ್ ಸುದ್ದಾ ಬದಲಿ ಮಾಡಬೇಕಾಗತೈತಿ, ಹದಿನೆಂಟು ಸಾವಿರ ಆಗತೈತ್ರಿ" ಎಂದ. ಮಗಳ ಜೂನ್ ತಿಂಗಳ ಶುಲ್ಕಕ್ಕೆಂದು ನಾನು ಎತ್ತಿಟ್ಟಿದ್ದ ಹಣ ಹೆಚ್ಚುಕಡಿಮೆ ಅಷ್ಟೇ ಇತ್ತು. ಇತ್ತ ಅಂಗಡಿಯವರೊಬ್ಬರು, "ವೈನಿ, ತಡಾ ಆದರ ಹಾವೇರಿಯೊಳಗ ಬರಸ್ತೀವ್ರಿ" ಎಂದು ಮೆಲ್ಲಗೆ ಹೇಳಿಯೂ ಬಿಟ್ಟರು.

ಹಣ ಕೊಡುವ ಮೊದಲು ನಾಲ್ಕು ದಿನ ಗಮನಿಸಿ ನೋಡೋಣವೆಂದು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಅದು ಆರಿದ ಹೊತ್ತನ್ನೆಲ್ಲ ಗುರುತು ಹಾಕತೊಡಗಿದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಒಮ್ಮೆಯೂ ಆರಲಿಲ್ಲ. ಹನ್ನೆರಡರಿಂದ ಮೂರರ ಒಳಗೆ ಮೂರು ಸಲ, ನಾಲ್ಕು ಸಲ. ಆರಿದ ಕೂಡಲೇ ಮತ್ತೆ ಹಚ್ಚಿದರೆ ಐದು ನಿಮಿಷಕ್ಕೇ ಆರುವುದು. ಅರ್ಧ ತಾಸು ಬಿಟ್ಟು ಹಚ್ಚಿದರೆ ಒಂದಿಷ್ಟು ಹೊತ್ತು ನಡೆಯುವುದು. ಆರಿದಾಗಲೂ ಪರದೆಯ ದೀಪ ಮಿನುಗುತ್ತಲೇ ಇತ್ತು, ಅಂದರೆ ಕರೆಂಟಿನದಾಗಲಿ ಯುಪಿಎಸ್‌ನದಾಗಲಿ ದೋಷವಲ್ಲ. ಹಾವೇರಿಯ ಅಂಗಡಿಯಲ್ಲಿ ನೆಟ್ಟಗೆ ನಡೆದದ್ದೇಕೆ? ಅಲ್ಲಿ ಎಸಿ ಇತ್ತು! ನೀವೇ ಹೇಳಿ, ಇದು ಯಾವ ರೋಗದ ಲಕ್ಷಣ? ವೈರಸ್ಸಿಗೆ ಮಧ್ಯಾಹ್ನದ ಬಿಸಿಲು ಗೊತ್ತಾಗುವುದುಂಟೇ?

ರಾಣೇಬೆನ್ನೂರಿನಲ್ಲಿರುವ ನನ್ನ ತಂಗಿಯ ಮಗ ಡಿಪ್ಲೊಮಾ ಓದುತ್ತಾನೆ. ಅವನಿಗೆ ಇದನ್ನೆಲ್ಲ ಫೋನಿನಲ್ಲಿ ಓದಿ ಹೇಳಿದೆ. "ದೊಡ್ಡವ್ವಾ, ಇದು ಕಾಯ್ದೇ ಆರಾಕತ್ತೇತಿ. ಖಾತ್ರಿ ಮಾಡ್ಕೊಳ್ಳಾಕ ಒಂದು ದಾರಿ ಐತಿ" ಎಂದು ಅವನು ಹೇಳಿದ್ದನ್ನು ನೀವೂ ಬರೆದಿಟ್ಟುಕೊಳ್ಳಿ. ಕಂಪ್ಯೂಟರ್ ಚಾಲೂ ಮಾಡಿದ ತಕ್ಷಣ ಕೀಬೋರ್ಡಿನ ಡಿಲೀಟ್ ಗುಂಡಿಯನ್ನು, ಕೆಲವದರಲ್ಲಿ ಎಫ್2 ಗುಂಡಿಯನ್ನು, ಪಟಪಟನೆ ಒತ್ತುತ್ತಿದ್ದರೆ ಬಯೋಸ್ ಎಂಬ ಪುಟ ತೆರೆಯುತ್ತದೆ. ಅದರಲ್ಲಿ ಹಾರ್ಡ್‌ವೇರ್ ಮಾನಿಟರ್ ಎಂದೋ, ಪಿಸಿ ಹೆಲ್ತ್ ಎಂದೋ ಇರುವಲ್ಲಿ ಹೋದರೆ ಪ್ರೊಸೆಸರಿನ ಜ್ವರ ಎಷ್ಟೆಂದು ಅಂಕಿಯಲ್ಲೇ ಕಾಣುತ್ತದೆ. ಮಧ್ಯಾಹ್ನ ಒಂದು ಗಂಟೆಗೆ ನೋಡಿದೆ. ಮೊದಲು 58 ಡಿಗ್ರಿ. ಹಾಗೆಯೇ 71, 83, 90. ಒಂಬತ್ತನೆಯ ನಿಮಿಷಕ್ಕೆ 97 ತೋರಿಸಿ, ಟಪ್! ಈ ಪುಟ ತೆರೆದಿರುವಾಗ ವಿಂಡೋಸ್ ಇನ್ನೂ ಶುರುವಾಗಿಯೇ ಇರುವುದಿಲ್ಲ. ವೈರಸ್ಸಿನ ಮಾತು ಅಲ್ಲಿಗೆ ಮುಗಿಯಿತು.

ಒಳಗಿನ ಕತೆ ಇಷ್ಟೇ. ಎಲ್ಲರೂ ಸಿಪಿಯು ಎಂದು ಕರೆಯುವ ಆ ದೊಡ್ಡ ಡಬ್ಬಿಯೊಳಗೆ ಪ್ರೊಸೆಸರ್ ಎಂಬ ಚಿಕ್ಕ ಬಿಲ್ಲೆ ಇದೆ. ಸಾಮಾನ್ಯವಾದದ್ದು ಜೋರು ಕೆಲಸದಲ್ಲಿ 65 ವ್ಯಾಟಿನಷ್ಟು ಶಾಖ ಉಗುಳುತ್ತದೆ. ಹಳೆಯ ಕಾಲದ 60 ವ್ಯಾಟ್ ಬಲ್ಬನ್ನು ಉರಿಯುವಾಗ ಮುಟ್ಟಿದ ನೆನಪಿದೆಯೇ? ಆ ಶಾಖವೆಲ್ಲ ಅಂಚೆಚೀಟಿಯಷ್ಟು ಜಾಗದಲ್ಲಿ! ಅದರ ತಲೆಯ ಮೇಲೆ ಹೀಟ್ ಸಿಂಕ್ ಎಂಬ ಅಲ್ಯೂಮಿನಿಯಂ ಹಲ್ಲುಗಳ ಗಟ್ಟಿ, ಅದರ ಮೇಲೊಂದು ಫ್ಯಾನು. ಬಿಲ್ಲೆಯ ಶಾಖ ಗಟ್ಟಿಗೆ, ಗಟ್ಟಿಯದು ಗಾಳಿಗೆ, ಗಾಳಿ ಡಬ್ಬಿಯ ಹೊರಗೆ. ಈ ಸರಪಳಿಯಲ್ಲಿ ಎಲ್ಲಿ ತಡೆಯಾದರೂ ಬಿಲ್ಲೆ ಕಾಯುತ್ತದೆ, 100 ಡಿಗ್ರಿಯ ಹತ್ತಿರ ಬಂದರೆ ಸುಟ್ಟುಹೋಗಬಾರದೆಂದು ತಾನಾಗಿಯೇ ಆರುತ್ತದೆ. ಕುಕ್ಕರಿನ ಸೇಫ್ಟಿ ವಾಲ್ವ್ ಇದ್ದಂತೆ ಅನ್ನಿ. ಕೋಣೆಯೇ 38 ಡಿಗ್ರಿ ಇದ್ದರೆ ಗಾಳಿಯಾದರೂ ಎಷ್ಟು ತಂಪು ಮಾಡೀತು?

ಸರಿ, ತಡೆ ಎಲ್ಲಿದೆ ಎಂದು ಹೊರಗಿನಿಂದಲೇ ಹುಡುಕಿದೆ. ಮೊದಲ ತಡೆ ಕಣ್ಣೆದುರಿಗೇ ಇತ್ತು, ಹೇಳಲು ಬಾಯಿ ಬರದಂಥದು. ನಮ್ಮ ಅತ್ತೆಯವರು ಕಸೂತಿಯಲ್ಲಿ ಕೈ ಪಳಗಿದವರು. ಡಬ್ಬಿಗೆ ಧೂಳು ಬೀಳಬಾರದೆಂದು ಗೋಪುರ, ಆನೆ, ತೇರು ಎಲ್ಲ ಎತ್ತಿ ಚೆಂದದ ಗವಸು ಹೊಲಿದು ತೊಡಿಸಿದ್ದರು. ಹಿಂದೆ, ಮುಂದೆ, ಎರಡೂ ಕಡೆ ಮುಚ್ಚಿ! ಬೇಸಿಗೆಯಲ್ಲಿ ಕಂಬಳಿ ಹೊದ್ದು ಮಲಗಿದಂತೆ. ತೆಗೆದರೆ ಅವರಿಗೆ ನೋವು, ತೆಗೆಯದಿದ್ದರೆ ಕೆಲಸ ಹೋಗುತ್ತದೆ. ಅವರನ್ನೇ ಹತ್ತಿರ ಕರೆದು, ಡಬ್ಬಿಯ ಹಿಂದಿನ ಫ್ಯಾನಿನ ಎದುರು ಅವರ ಅಂಗೈ ಹಿಡಿಸಿದೆ. "ಅಯ್ಯ, ಒಲಿ ಮುಂದ ಕುಂತಂಗ ಐತೆಲ್ಲವಾ! ಪಾಪ, ಉಸಿರು ಕಟ್ಟೇತಿ ಅದಕ್ಕ" ಎಂದು ತಾವೇ ಗವಸು ಎಳೆದರು. ಈಗ ರಾತ್ರಿ ಆರಿಸಿದ ಮೇಲೆ ಅವರೇ ಹೊದಿಸುತ್ತಾರೆ, ಬೆಳಿಗ್ಗೆ ಅವರೇ ತೆಗೆಯುತ್ತಾರೆ. ಗೋಡೆಗೆ ಒತ್ತಿದ್ದ ಮೇಜನ್ನು ಒಂದು ಗೇಣು ಮುಂದೆ ಎಳೆದು, ಕಟ್ಟಿಗೆಯ ಗೂಡಿನಲ್ಲಿ ಹುದುಗಿಸಿದ್ದ ಡಬ್ಬಿಯನ್ನು ಹೊರಗೆ ಇಟ್ಟೆವು.

ಇನ್ನು ಒಳಗೆ. ಇಲ್ಲಿ ಎಚ್ಚರಿಕೆ ಬೇಕು. ಗೋಡೆಯ ಸ್ವಿಚ್ ಆರಿಸಿ, ವೈರುಗಳನ್ನೆಲ್ಲ ಕಿತ್ತು, ಆಮೇಲೆ ಪವರ್ ಗುಂಡಿಯನ್ನು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟು ಇಳಿಯಲಿ. ಹಿಂಬದಿಯ ಎರಡು ಸ್ಕ್ರೂ ತೆಗೆದರೆ ಪಕ್ಕದ ತಗಡು ಜಾರುತ್ತದೆ. ಕೈ ಹಾಕುವ ಮೊದಲು ಡಬ್ಬಿಯ ಬರಿಯ ಕಬ್ಬಿಣವನ್ನೊಮ್ಮೆ ಮುಟ್ಟಿ. ಮೈಮೇಲಿನ ವಿದ್ಯುತ್ ಕಿಡಿ ಒಳಗಿನ ಚಿಪ್ಪುಗಳಿಗೆ ತಾಗಬಾರದು. ವೈರುಗಳು ಹೊರಡುವ ಪವರ್ ಸಪ್ಲೈ ಎಂಬ ಕಬ್ಬಿಣದ ಪೆಟ್ಟಿಗೆಯನ್ನು ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ಹೊಡೆತ ಇರುತ್ತದೆ. ಸುಟ್ಟ ವಾಸನೆ ಬಂದರೂ, ಬೋರ್ಡಿನ ಮೇಲಿನ ಸಣ್ಣ ಉರುಟು ಡಬ್ಬಿಗಳ ತಲೆ ಉಬ್ಬಿದ್ದರೂ ಅದು ರಿಪೇರಿಯವರ ಕೆಲಸ.

ತಗಡು ತೆಗೆದೆ. ಘಾಟು! ಎರಡು ಹಂಗಾಮಿನ ಮೆಣಸಿನಕಾಯಿ ಧೂಳು, ಊದಿನಕಡ್ಡಿಯ ಹೊಗೆ, ಒಗ್ಗರಣೆಯ ಜಿಡ್ಡು ಸೇರಿ ಆ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಕೆಂಪು ಕಂಬಳಿಯಂತೆ ಕೂತಿತ್ತು. ಖಾರ ಕಡಿಮೆಯ ಮೆಣಸಿನಕಾಯಿ ಎಂಬ ಕೀರ್ತಿ ಮೂಗಿಗೆ ಗೊತ್ತಿರಬೇಕಲ್ಲ! ಹಿತ್ತಲಿಗೆ ಒಯ್ದು, ಮೂಗಿಗೆ ಸೆರಗು ಕಟ್ಟಿ, ಗಾಳಿಗೆ ಬೆನ್ನು ಕೊಟ್ಟು, ಒಣಗಿದ ಮೆತ್ತನೆಯ ಪೇಂಟ್ ಬ್ರಷ್‌ನಿಂದ ತೆಗೆದೆ. ಫ್ಯಾನಿನ ರೆಕ್ಕೆಯನ್ನು ಒಂದು ಬೆರಳಿನಿಂದ ತಡೆದು ಹಿಡಿದೇ ಒರೆಸಬೇಕು. ಒದ್ದೆ ಬಟ್ಟೆ ಕೂಡದು.

ಮತ್ತೆ ಬಯೋಸಿನಲ್ಲಿ ನೋಡಿದೆ. ಈ ಸಲ ಆರಲಿಲ್ಲ. ಆದರೆ 86ಕ್ಕೆ ಹೋಗಿ ನಿಂತಿತು. ಯಜಮಾನರು "ಸಾಕ ಬಿಡು, ನಡೀತಲ್ಲ" ಎಂದರು. ನನಗೆ ಸಮಾಧಾನವಾಗಲಿಲ್ಲ. ಏಪ್ರಿಲ್, ಮೇ ಇನ್ನೂ ಮುಂದಿತ್ತು. ಆರಿಸಿ, ಪ್ಲಗ್ ಕಿತ್ತು, ಕೂಡಲೇ ಆ ಅಲ್ಯೂಮಿನಿಯಂ ಗಟ್ಟಿಯನ್ನು ಬೆರಳ ತುದಿಯಿಂದ ಮುಟ್ಟಿ ನೋಡಿದೆ. ಸುಡಬೇಕಾಗಿತ್ತು, ಉಗುರುಬೆಚ್ಚಗೆ ಮಾತ್ರ ಇತ್ತು! ಒಲೆ ಧಗಧಗ ಉರಿಯುತ್ತಿದ್ದು ಹಂಚು ಮಾತ್ರ ಕಾಯದಿದ್ದರೆ ನೀವು ಏನು ನೋಡುತ್ತೀರಿ? ಹಂಚು ಒಲೆಯ ಮೇಲೆ ನೆಟ್ಟಗೆ ಕೂತಿದೆಯೇ ಎಂದು. ನಾನೂ ಬಗ್ಗಿ ಅದನ್ನೇ ನೋಡಿದೆ. ಗಟ್ಟಿಯನ್ನು ಬೋರ್ಡಿಗೆ ಹಿಡಿದಿಡುವ ನಾಲ್ಕು ಪ್ಲಾಸ್ಟಿಕ್ ಕಾಲುಗಳಲ್ಲಿ ಒಂದು ಮೇಲೆದ್ದಿತ್ತು. ಒಂದು ಮೂಲೆ ಎದ್ದುದರಿಂದ ಬಿಲ್ಲೆಗೂ ಗಟ್ಟಿಗೂ ನಡುವೆ ಗಾಳಿ. ಗಾಳಿ ಶಾಖವನ್ನು ಸುಲಭವಾಗಿ ದಾಟಿಸುವುದಿಲ್ಲ.

ಎದ್ದ ಕಾಲನ್ನು ಹಾಗೆಯೇ ಒತ್ತಿಬಿಟ್ಟರೆ ಸಾಲದು, ನಡುವಿನ ಪೇಸ್ಟನ್ನೂ ಬದಲಿಸಬೇಕು ಎಂದ ತಂಗಿಯ ಮಗ. ಭಾನುವಾರ ರೈಲಿನಲ್ಲಿ ರಾಣೇಬೆನ್ನೂರಿಗೆ ಹೋಗಿ ಅವನನ್ನು ಕರೆದುಕೊಂಡು ಪೇಟೆ ಸುತ್ತಿದೆ. ಸಿರಿಂಜಿನಲ್ಲಿ ಬರುವ ಥರ್ಮಲ್ ಪೇಸ್ಟ್ 120 ರೂಪಾಯಿ, ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ಸಣ್ಣ ಬಾಟಲಿ 90 ರೂಪಾಯಿ. ಒಟ್ಟು ಇನ್ನೂರ ಹತ್ತು!

ಮನೆಗೆ ಬಂದು ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿದೆ, ಹಳೆಯ ಪೇಸ್ಟ್ ಮೆತ್ತಗಾಗಲೆಂದು. ಆಮೇಲೆ ಕರೆಂಟು ತೆಗೆದು, ಫ್ಯಾನಿನ ವೈರು ಬಿಡಿಸಿ, ನಾಲ್ಕೂ ಕಾಲುಗಳ ತಲೆಯನ್ನು ಬಾಣದ ಗುರುತಿನ ಕಡೆ ತಿರುಗಿಸಿ ಮೇಲಕ್ಕೆಳೆದು, ಗಟ್ಟಿಯನ್ನು ತುಸು ಅತ್ತಿತ್ತ ಹೊರಳಿಸಿ ಎತ್ತಿದೆ. ಕಿತ್ತು ಎಳೆಯಬೇಡಿ, ಕೆಲವು ಕಂಪ್ಯೂಟರುಗಳಲ್ಲಿ ಪ್ರೊಸೆಸರೇ ಅಂಟಿಕೊಂಡು ಮೇಲೆ ಬರುವುದುಂಟು. ಹಳೆಯ ಪೇಸ್ಟ್ ಒಣಗಿ ಗೋಡೆಯ ಸುಣ್ಣದಂತೆ ಬಿರಿದಿತ್ತು. ಮೆತ್ತನೆಯ ಬಟ್ಟೆಗೆ ಆ ದ್ರವ ಹಾಕಿ ಎರಡೂ ಕಡೆ ಹೊಳೆಯುವವರೆಗೆ ಒರೆಸಿ, ಆರಲು ಬಿಟ್ಟು, ಬಿಲ್ಲೆಯ ನಡುವೆ ವಟಾಣಿಕಾಳಿಗಿಂತ ಚಿಕ್ಕದೊಂದು ಬೊಟ್ಟು ಇಟ್ಟೆ. ಬೆಣ್ಣೆ ಬಳಿದಂತೆ ಬಳಿಯುವುದು ಬೇಡ, ಒತ್ತಿದಾಗ ತಾನೇ ಹರಡುತ್ತದೆ. ಕಾಲುಗಳ ತಲೆಯನ್ನು ಮೊದಲಿನಂತೆ ತಿರುಗಿಸಿಟ್ಟು, ಒಂದು ಮೂಲೆ, ಅದರ ಎದುರು ಮೂಲೆ ಎಂದು ಓರೆಯಾಗಿ ಒತ್ತಿದರೆ ಟಕ್, ಟಕ್ ಎಂದು ಕೂತವು. ಕೊನೆಗೆ ಫ್ಯಾನಿನ ವೈರನ್ನು ಮತ್ತೆ ಸಿಕ್ಕಿಸಲು ಮಾತ್ರ ಮರೆಯಬೇಡಿ.

ಮಧ್ಯಾಹ್ನ ಒಂದು ಗಂಟೆ. ಹೊರಗೆ ಕಾಗೆಯೂ ಕೂಗದಂಥ ಬಿಸಿಲು. ಅತ್ತೆಯವರು ಪಕ್ಕದಲ್ಲಿ ಕುರ್ಚಿ ಹಾಕಿ ಕೂತರು. 41, 46, 49. ಅರ್ಧ ತಾಸು ಕಳೆದರೂ 52 ದಾಟಲಿಲ್ಲ. ಆ ತಿಂಗಳು ಮೂರೂ ಅಂಗಡಿಗಳ ರಿಟರ್ನ್ 18ಕ್ಕೇ ಹೋದವು. ಹಾವೇರಿಗೆ ಬರೆಸುವ ಮಾತು ಮತ್ತೆ ಬರಲಿಲ್ಲ, ಜೂನ್ ತಿಂಗಳ ಹಣವೂ ಧಾರವಾಡ ಸೇರಿತು. ರಿಪೇರಿ ಅಂಗಡಿಯ ಹುಡುಗನಿಗೆ ಕೆಲಸ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಎಸಿಯಲ್ಲಿ ಕೂತವನಿಗೆ ನಮ್ಮ ಪಡಸಾಲೆಯ ಝಳ ಕಾಣುವುದಾದರೂ ಹೇಗೆ? ಆದರೆ ತಗಡು ತೆಗೆಯದೆ ಹದಿನೆಂಟು ಸಾವಿರ ಹೇಳಿದ್ದು ಮಾತ್ರ ನನಗೆ ಇಂದಿಗೂ ಒಪ್ಪಿಗೆಯಿಲ್ಲ.

ಈಗ ಹಂಗಾಮು ಶುರುವಾಗುವ ಮೊದಲು ಡಿಸೆಂಬರಿನಲ್ಲಿ ಒಮ್ಮೆ, ಪೇಟೆ ತಣ್ಣಗಾದ ಮೇಲೆ ಜೂನ್ ತಿಂಗಳಲ್ಲಿ ಒಮ್ಮೆ ಧೂಳು ತೆಗೆಯುತ್ತೇನೆ. ಪ್ರತಿ ಸೋಮವಾರ ಡಿಗ್ರಿ ನೋಡಿ ಹಾಲಿನ ಕ್ಯಾಲೆಂಡರಿನಲ್ಲಿ ಬರೆಯುವುದೂ ರೂಢಿಯಾಗಿದೆ. ರಾಣೇಬೆನ್ನೂರಿನ ತಂಗಿ ಮನೆಯಲ್ಲೇ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಾಳೆ. ಮಗ ಪರೀಕ್ಷೆಗೆಂದು ಹಾಸ್ಟೆಲಿನಲ್ಲಿದ್ದಾನೆ. ಮೊನ್ನೆ ಫೋನ್ ಮಾಡಿ, "ಅಕ್ಕಾ, ನಮ್ಮದು ಗಿರ್ರ್ ಅಂತ ಸಪ್ಪಳ ಮಾಡಾಕತ್ತೇತಿ, ಹೊತಗೊಂಡು ಬರಲೇನ?" ಎಂದಳು. ಯಾವ ಹೊತ್ತಿನಲ್ಲಿ ಸದ್ದು ಮಾಡುತ್ತದೆ, ಹಚ್ಚಿದ ಎಷ್ಟು ನಿಮಿಷಕ್ಕೆ ಎಂದು ನಾಲ್ಕು ದಿನ ಬರೆದಿಟ್ಟುಕೊಂಡು ಭಾನುವಾರ ಬಾ ಎಂದಿದ್ದೇನೆ.